ಪಾಸ್ ಇದ್ದರೆ ಓಡಾಟ ಪುಕ್ಕಟೆಯೇ? ಸುಂಕದಕಟ್ಟೆಯ ಬಸ್ ಪಾಸಿನಿಂದ ಕೊಲೊರಾಡೊದ ಹಿಮದ ಪಾಸಿನವರೆಗೆ

"ಪಾಸ್ ಇದೆಯಲ್ಲ, ಇನ್ನು ಓಡಾಟ ಫ್ರೀ." ಮಾಗಡಿ ರಸ್ತೆಯ ಬಸ್ಸುಗಳಲ್ಲಿ ಈ ಮಾತು ಸಾಮಾನ್ಯ. ಅಮೆರಿಕದ ಡೆನ್ವರ್, ಸಿಯಾಟಲ್ ಕಡೆ ನೆಲೆಸಿದ ಕನ್ನಡದ ಕುಟುಂಬಗಳಲ್ಲೂ ಚಳಿಗಾಲ ಬಂತೆಂದರೆ ಇದೇ ಮಾತು ಕೇಳಿಬರುತ್ತದೆ. ಅಲ್ಲಿ ಕೈಯಲ್ಲಿರುವುದು ಬಸ್ ಪಾಸ್ ಅಲ್ಲ, ಸ್ಕೀಯಿಂಗ್ ಪಾಸ್. ಅಂದರೆ ಹಿಮದ ಇಳಿಜಾರಿನಲ್ಲಿ ಜಾರಲು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳಿಗೆ ಇಡೀ ಋತುವಿಗೆ ಮುಂಗಡ ಕಟ್ಟಿದ ಹಣ. ಒಂದೇ ಪಾಸಿನಲ್ಲಿ ಹತ್ತಾರು ಬೆಟ್ಟಗಳಿಗೆ ಹೋಗಬಹುದು.

ಎರಡೂ ಕಡೆ ನಂಬಿಕೆ ಒಂದೇ: ಪಾಸ್ ಎಂದರೆ ರಿಯಾಯಿತಿ, ಪಾಸ್ ಇದ್ದ ಮೇಲೆ ಪ್ರತಿ ಸಲದ ಪ್ರಯಾಣಕ್ಕೆ ಖರ್ಚಿಲ್ಲ. ಇದು ಎಷ್ಟು ನಿಜ? ಲೆಕ್ಕ ಹಾಕಿ ನೋಡೋಣ.

ಕಟ್ಟೆಯ ಹೆಸರಿನಲ್ಲೇ ಸುಂಕ

ಸುಂಕದಕಟ್ಟೆ ಎಂಬ ಹೆಸರು ಕರ್ನಾಟಕದಲ್ಲಿ ಒಂದಕ್ಕಿಂತ ಹೆಚ್ಚು ಊರುಗಳಿಗಿದೆ. ಹೆಸರೇ ಹೇಳುವಂತೆ ಅದು ಸುಂಕ ವಸೂಲಿಯ ನೆನಪು. ಸುಂಕದ ಪದ್ಧತಿ ಸರಳವಾದದ್ದು: ದಾಟಿದಷ್ಟು ಸಲ ಕಟ್ಟು. ಬರದಿದ್ದರೆ ಕಟ್ಟಬೇಕಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂಬ ಗಾದೆ ನಿಜವೇ, ಆದರೆ ಆ ಸುಂಕದವನಿಗೂ ಒಂದು ಕಷ್ಟವಿತ್ತು. ಮಳೆ ಬಂದು ಸಂತೆ ನಿಂತರೆ ಅವನ ಪೆಟ್ಟಿಗೆಯೂ ಖಾಲಿ.

ಪಾಸ್ ಈ ಪದ್ಧತಿಯನ್ನು ತಲೆಕೆಳಗು ಮಾಡುತ್ತದೆ. ಹಣ ಮೊದಲು, ಪ್ರಯಾಣ ಆಮೇಲೆ. ಮಳೆ ಬಂದರೂ, ಜ್ವರ ಬಂದರೂ, ಮುಷ್ಕರವಾದರೂ ಪೆಟ್ಟಿಗೆ ಆಗಲೇ ತುಂಬಿರುತ್ತದೆ. ಮಾರುವವರು ಹೊರುತ್ತಿದ್ದ ನಷ್ಟದ ಭಯ ಕೊಳ್ಳುವವರ ಹೆಗಲಿಗೆ ಬರುತ್ತದೆ. ನಮಗೆ ಸಿಗುವ ರಿಯಾಯಿತಿ ಈ ಭಾರ ಹೊತ್ತಿದ್ದಕ್ಕೆ ಕೊಡುವ ಕೂಲಿ ಎಂದರೂ ನಡೆಯುತ್ತದೆ.

ಹೆದ್ದಾರಿಯ ಟೋಲ್ ಕೂಡ ಈಗ ಈ ದಾರಿ ಹಿಡಿದಿದೆ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗಾಗಿ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು. ಆರಂಭದ ಬೆಲೆ 3000 ರೂಪಾಯಿ. ಇದನ್ನು ವರ್ಷವಿಡೀ ಲೆಕ್ಕವಿಲ್ಲದಷ್ಟು ಓಡಾಟ ಎಂದು ತಿಳಿದವರಿದ್ದಾರೆ. ಅದು ಹಾಗಲ್ಲ, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಪಾಸ್ ಮುಗಿಯಿತು. ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ ಅನ್ವಯ. ಮೈಸೂರಿನ ಹೆದ್ದಾರಿಯಲ್ಲಿ ನಡೆಯುವ ಪಾಸ್ ಮಾಗಡಿ ರಸ್ತೆಯ ಬಳಿ ನೈಸ್ ರಸ್ತೆಗೆ ಹತ್ತಿದರೆ ನಡೆಯುವುದಿಲ್ಲ.

1200 ರೂಪಾಯಿಯ ಲೆಕ್ಕ

ಈಗ ಬಸ್ಸಿಗೆ ಬರೋಣ. 2025ರ ಜನವರಿಯಲ್ಲಿ ಬಿಎಂಟಿಸಿ ದರ ಏರಿದಾಗ ಸಾಮಾನ್ಯ ಬಸ್ಸಿನ ದಿನದ ಪಾಸ್ 70ರಿಂದ 80 ರೂಪಾಯಿಗೆ, ವಾರದ್ದು 300ರಿಂದ 350ಕ್ಕೆ, ತಿಂಗಳದ್ದು 1050ರಿಂದ 1200ಕ್ಕೆ ಹೋಯಿತು. 1200ನ್ನು 80ರಿಂದ ಭಾಗಿಸಿದರೆ 15. ತಿಂಗಳಿಗೆ 15 ದಿನಕ್ಕಿಂತ ಹೆಚ್ಚು ಓಡಾಡುವವರಿಗೆ ತಿಂಗಳ ಪಾಸ್ ಲಾಭ ಎಂದು ಹಲವರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ.

ಆದರೆ ಹೋಲಿಸಬೇಕಾದದ್ದು ದಿನದ ಪಾಸಿಗಲ್ಲ, ನೀವು ನಿಜವಾಗಿ ಕೊಡುವ ಟಿಕೆಟ್ ಹಣಕ್ಕೆ. ತಿಂಗಳಿಗೆ 25 ದಿನ ಕೆಲಸ ಎಂದಿಟ್ಟುಕೊಳ್ಳಿ. 1200ನ್ನು 25ರಿಂದ ಭಾಗಿಸಿದರೆ 48. ಹೋಗಿಬರುವ ಖರ್ಚು ದಿನಕ್ಕೆ 48 ರೂಪಾಯಿಗಿಂತ ಕಡಿಮೆಯಿದ್ದರೆ ಪಾಸ್ ನಷ್ಟ. ಸುಂಕದಕಟ್ಟೆಯಲ್ಲಿ ಹತ್ತಿ ಒಂದೇ ಬಸ್ಸಿನಲ್ಲಿ ಕಾಮಾಕ್ಷಿಪಾಳ್ಯದಲ್ಲೋ ವಿಜಯನಗರದಲ್ಲೋ ಇಳಿಯುವವರಿಗೆ ಬಿಡಿ ಟಿಕೆಟ್ಟೇ ಲೇಸು. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ವೈಟ್‌ಫೀಲ್ಡ್‌ಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವವರ ಲೆಕ್ಕ ಬೇರೆ. ಬಿಡಿ ಟಿಕೆಟ್‌ನಲ್ಲಿ ಹೋದರೆ ಎರಡನೆಯ ಬಸ್ಸಿನಲ್ಲಿ ಮತ್ತೆ ಹೊಸ ಟಿಕೆಟ್. ಬಸ್ ಬದಲಿಸುವುದಕ್ಕೇ ದಂಡ ಕೊಟ್ಟಂತೆ. ಪಾಸ್ ಆ ದಂಡವನ್ನು ಅಳಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಬಸ್ ಪಾಸಿನ ನಿಜವಾದ ಉಪಕಾರ ಇದೇ. ನೇರ ಬಸ್ಸಿಗಾಗಿ ಮುಕ್ಕಾಲು ಗಂಟೆ ಕಾಯುವ ಬದಲು ಸಿಕ್ಕ ಬಸ್ ಹತ್ತಿ ಸುಮನಹಳ್ಳಿಯಲ್ಲಿ ಬದಲಿಸುವ ಸ್ವಾತಂತ್ರ್ಯ ಸಿಗುತ್ತದೆ.

ಮಹಿಳೆಯರ ವಿಷಯದಲ್ಲಿ 2023ರ ಜೂನ್ 11ರಿಂದ ಈ ಲೆಕ್ಕವೇ ಇಲ್ಲ. ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಶೂನ್ಯ ಟಿಕೆಟ್. ಅದೂ ಅರ್ಥಶಾಸ್ತ್ರದ ಲೆಕ್ಕದಲ್ಲಿ ಪುಕ್ಕಟೆಯಲ್ಲ, ಆ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ಕೊಡಬೇಕು. ಆದರೆ ಪೀಣ್ಯದ ಕಡೆ ಗಾರ್ಮೆಂಟ್ ಕೆಲಸಕ್ಕೆ ಹೋಗುವ ಹೆಣ್ಣುಮಗಳು ತಿಂಗಳ ಮೊದಲ ವಾರದಲ್ಲೇ ಪಾಸಿಗೆಂದು ಹಣ ತೆಗೆದಿಡಬೇಕಿಲ್ಲ. ಇದು ಸಣ್ಣ ಮಾತಲ್ಲ. ಏಕೆಂಬುದನ್ನು ಮುಂದೆ ನೋಡುತ್ತೇವೆ.

ಹಿಮದ ಬೆಟ್ಟಗಳಲ್ಲಿ ಆದದ್ದೇನು?

ಹಲವು ಬೆಟ್ಟಗಳಿಗೆ ಒಂದೇ ಪಾಸ್ ಎಂಬ ಯೋಚನೆ ಅಮೆರಿಕದ್ದೇನಲ್ಲ. ಇಟಲಿಯ ಡೊಲೊಮಿಟಿ ಸೂಪರ್‌ಸ್ಕಿ 1974ರಿಂದ ಇದೆ. 12 ಕಣಿವೆ ಪ್ರದೇಶಗಳು, ಸುಮಾರು 1200 ಕಿಲೋಮೀಟರ್ ಜಾರುದಾರಿ, ಒಂದೇ ಪಾಸ್. ಆದರೆ ಇದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದ್ದು ಕೊಲೊರಾಡೊದ ವೇಲ್ ರೆಸಾರ್ಟ್ಸ್ ಕಂಪನಿ. 2008ರಲ್ಲಿ ಅದು 579 ಡಾಲರ್‌ಗೆ ಎಪಿಕ್ ಪಾಸ್ ಹೊರತಂದಿತು. 2018ರಲ್ಲಿ ಆಲ್ಟೆರಾ ಎಂಬ ಪ್ರತಿಸ್ಪರ್ಧಿ ಐಕಾನ್ ಪಾಸ್ ತಂದಿತು. ವೇಲ್ ಕಂಪನಿ ಕೆನಡಾದ ವಿಸ್ಲರ್ ಬ್ಲ್ಯಾಕ್‌ಕೋಂಬ್ ಅನ್ನು 2016ರಲ್ಲಿ ಕೊಂಡಿತು. ಆಸ್ಟ್ರೇಲಿಯ, ಸ್ವಿಟ್ಜರ್ಲೆಂಡ್‌ಗಳಿಗೂ ಕೈ ಚಾಚಿತು. ಈಗ ಅದರ ಕೈಯಲ್ಲಿ 40ಕ್ಕೂ ಹೆಚ್ಚು ಬೆಟ್ಟಗಳಿವೆ.

ಇಲ್ಲಿ ಬೆಲೆಗಳ ನಡೆಯನ್ನು ಗಮನಿಸಬೇಕು. 2008ರಲ್ಲಿ ವೇಲ್ ಬೆಟ್ಟದ ಒಂದು ದಿನದ ಟಿಕೆಟ್ ನೂರು ಡಾಲರ್‌ನ ಆಸುಪಾಸಿನಲ್ಲಿತ್ತು. ಆರು ದಿನ ಹೋದರೆ ಪಾಸಿನ ಹಣ ಹುಟ್ಟುತ್ತಿತ್ತು. 2025–26ರ ಋತುವಿಗೆ ಪಾಸಿನ ಆರಂಭದ ಬೆಲೆ 1051 ಡಾಲರ್, ಎರಡು ಪಟ್ಟೂ ಆಗಿಲ್ಲ. ದಿನದ ಟಿಕೆಟ್ ಮಾತ್ರ ಜನದಟ್ಟಣೆಯ ದಿನಗಳಲ್ಲಿ 300 ಡಾಲರ್ ದಾಟಿದೆ, ಮೂರು ಪಟ್ಟು! ಈಗ ಮೂರೂವರೆ ದಿನಕ್ಕೇ ಪಾಸಿನ ಹಣ ಹುಟ್ಟುತ್ತದೆ. ಪಾಸ್ ಅಗ್ಗವಾದದ್ದರಿಂದಲ್ಲ, ಟಿಕೆಟ್ ದುಬಾರಿಯಾದದ್ದರಿಂದ. ಕಿಟಕಿಯಲ್ಲಿ ನೇತುಹಾಕಿದ ಆ ದೊಡ್ಡ ಬೆಲೆಯ ಕೆಲಸ ಟಿಕೆಟ್ ಮಾರುವುದಕ್ಕಿಂತ ಪಾಸ್ ಮಾರುವುದು. ನಮ್ಮ ಅಂಗಡಿಗಳಲ್ಲಿ ಬೆಲೆ ಏರಿಸಿ "50 ಪರ್ಸೆಂಟ್ ಡಿಸ್ಕೌಂಟ್" ಎಂದು ಬರೆಯುವ ಚಾಳಿ ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನೊಂದು ಷರತ್ತೂ ಇದೆ. ಎಪಿಕ್ ಪಾಸ್ ಮಾರಾಟ ಡಿಸೆಂಬರ್ ಮೊದಲ ಭಾಗದಲ್ಲೇ ಮುಗಿಯುತ್ತದೆ. ಅಂದರೆ ಆ ವರ್ಷ ಹಿಮ ಬೀಳುತ್ತದೋ ಇಲ್ಲವೋ ತಿಳಿಯುವ ಮೊದಲೇ ಹಣ ಕಟ್ಟಬೇಕು. 2023–24ರಲ್ಲಿ ಹಿಮ ಸರಿಯಾಗಿ ಬೀಳದೆ ವೇಲ್ ಕಂಪನಿಯ ಅಮೆರಿಕದ ಬೆಟ್ಟಗಳಿಗೆ ಬಂದವರ ಸಂಖ್ಯೆ ಇಳಿಯಿತು, ಆದರೂ ಲಿಫ್ಟ್ ಆದಾಯ ಇಳಿಯಲಿಲ್ಲ. ಸುಂಕದವನ ಹಳೆಯ ಕಷ್ಟ ಹೀಗೆ ಪರಿಹಾರವಾಯಿತು.

ಇದರಲ್ಲಿ ಒಳ್ಳೆಯದೂ ಇದೆ. ಹವಾಮಾನ ಬಿಸಿಯಾಗುತ್ತಿರುವ ಕಾಲದಲ್ಲಿ ಒಂದೇ ಬೆಟ್ಟವನ್ನು ನಂಬಿದ ಕಂಪನಿ ಒಂದು ಕೆಟ್ಟ ಚಳಿಗಾಲಕ್ಕೆ ಮುಳುಗಬಹುದು. ನಮ್ಮ ದೇಶದಲ್ಲೇ ನೋಡಿ: 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮವಿಲ್ಲದೆ ಮಾರ್ಚ್‌ಗೆ ಮುಂದೂಡಲ್ಪಟ್ಟಿತು. (ಈ ಕೂಟಗಳಲ್ಲಿ ಕರ್ನಾಟಕಕ್ಕೆ ಪದಕ ತಂದವರು ಹಿಮವೇ ಕಾಣದ ಕೊಡಗಿನ ಭವಾನಿ ಟಿ.ಎನ್. ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.) ಹತ್ತಾರು ಕಡೆ ಬೆಟ್ಟಗಳಿದ್ದರೆ ಒಂದು ಕಡೆ ಹಿಮ ಕೈಕೊಟ್ಟರೂ ಇನ್ನೊಂದು ಕಡೆ ಬೀಳಬಹುದು. ಪಾಸ್ ಇದ್ದವರು ಅಲ್ಲಿಗೆ ಹೋಗಬಹುದು, ವಿಮಾನದ ಟಿಕೆಟ್ ಕೊಳ್ಳುವ ಶಕ್ತಿ ಇದ್ದರೆ.

ಪ್ರವಾಸದ ರೀತಿ ಬದಲಾದದ್ದೂ ಹೀಗೆಯೇ. ಮೊದಲು ಜನ ಬೆಟ್ಟ ಆರಿಸಿ ಟಿಕೆಟ್ ಕೊಳ್ಳುತ್ತಿದ್ದರು. ಈಗ ಪಾಸ್ ಕೊಂಡು, ಅದರಲ್ಲಿರುವ ಬೆಟ್ಟಗಳಲ್ಲಿ ಒಂದನ್ನು ಆರಿಸುತ್ತಾರೆ. ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಜಪಾನಿನ ನಿಸೆಕೊಗೋ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೋ ಹಾರುವವರಿದ್ದಾರೆ. ಪಟ್ಟಿಯಲ್ಲಿಲ್ಲದ ಸಣ್ಣ ಊರಿನ ಬೆಟ್ಟಕ್ಕೆ ಹೋಗುವವರು ಕಡಿಮೆ. ಅಂಥ ಸಣ್ಣ ಬೆಟ್ಟಗಳಿಗಾಗಿ 2019ರಲ್ಲಿ ಇಂಡಿ ಪಾಸ್ ಎಂಬ ಬೇರೆಯೇ ಪಾಸ್ ಬಂತು. ದೊಡ್ಡ ಬೆಟ್ಟಗಳಲ್ಲೋ, ಹಿಮ ಚೆನ್ನಾಗಿ ಬಿದ್ದ ಶನಿವಾರ ಎಲ್ಲರೂ ಒಟ್ಟಿಗೆ ಬಂದು, ಕಾರು ನಿಲ್ಲಿಸಲೂ ಮೊದಲೇ ಬುಕ್ ಮಾಡಬೇಕಾದ ಸ್ಥಿತಿ. 2024ರ ಡಿಸೆಂಬರ್ 27ರಂದು ಯೂಟಾದ ಪಾರ್ಕ್ ಸಿಟಿಯಲ್ಲಿ ಸ್ಕೀ ಗಸ್ತು ಕೆಲಸಗಾರರು ಆರಂಭದ ವೇತನವನ್ನು ಗಂಟೆಗೆ 21ರಿಂದ 23 ಡಾಲರ್‌ಗೆ ಏರಿಸಿ ಎಂದು ಮುಷ್ಕರ ಹೂಡಿದರು. ವರ್ಷದ ಅತಿ ದೊಡ್ಡ ರಜೆಯ ವಾರದಲ್ಲಿ ಇಳಿಜಾರಿನ ಹೆಚ್ಚಿನ ಭಾಗ ತೆರೆಯಲಾಗಲಿಲ್ಲ. ಜನವರಿ 8ರಂದು ಒಪ್ಪಂದವಾಯಿತು. ಅಷ್ಟರೊಳಗೆ ಸಾಲುಗಳಲ್ಲಿ ಗಂಟೆಗಟ್ಟಲೆ ನಿಂತವರ ಪಾಸಿನ ಹಣ ಮಾತ್ರ ತಿಂಗಳುಗಳ ಹಿಂದೆಯೇ ಕಂಪನಿಗೆ ಸೇರಿತ್ತು.

ಕಟ್ಟಿದ ಹಣ ಕಾಲೆಳೆಯುವುದು

ಪಾಸ್ ಮನಸ್ಸಿನ ಮೇಲೂ ಕೆಲಸ ಮಾಡುತ್ತದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು ಒಂದು ಪ್ರಶ್ನೆ ಕೇಳಿದ್ದರು. ಅದು ಸ್ಕೀಯಿಂಗ್ ಪ್ರಶ್ನೆಯೇ. ನೀವು ಮಿಶಿಗನ್‌ನಲ್ಲಿ ಸ್ಕೀ ಪ್ರವಾಸಕ್ಕೆ 100 ಡಾಲರ್ ಕಟ್ಟಿದ್ದೀರಿ. ಆಮೇಲೆ ವಿಸ್ಕಾನ್ಸಿನ್ ಪ್ರವಾಸಕ್ಕೆ 50 ಡಾಲರ್ ಕಟ್ಟಿದ್ದೀರಿ; ಅದೇ ನಿಮಗೆ ಹೆಚ್ಚು ಖುಷಿ ಕೊಡುತ್ತದೆ ಎಂದೂ ಗೊತ್ತು. ಎರಡೂ ಒಂದೇ ವಾರಾಂತ್ಯ, ಹಣ ವಾಪಸ್ ಇಲ್ಲ. ಎಲ್ಲಿಗೆ ಹೋಗುತ್ತೀರಿ? ಹಣ ಎರಡು ಕಡೆಯೂ ಹೋಗಿಯಾಗಿದೆ, ಆದ್ದರಿಂದ ಖುಷಿ ಇರುವ ಕಡೆಗೆ ಹೋಗುವುದೇ ಸರಿ. ಆದರೆ 61 ಜನರಲ್ಲಿ 33 ಮಂದಿ ಮಿಶಿಗನ್ ಎಂದರು. ಹೆಚ್ಚು ಹಣ ಕಟ್ಟಿದ ಕಡೆಗೆ ಕಾಲು ಎಳೆಯಿತು. ಅರ್ಥಶಾಸ್ತ್ರಜ್ಞರು ಇದನ್ನು ಸಂಕ್ ಕಾಸ್ಟ್ ಎನ್ನುತ್ತಾರೆ. ನಮ್ಮ ಸುಂಕಕ್ಕೂ ಅದಕ್ಕೂ ಶಬ್ದದ ಹೋಲಿಕೆ ಮಾತ್ರ, ನಂಟೇನಿಲ್ಲ!

ಇದಕ್ಕೆ ಉಲ್ಟಾ ಇನ್ನೊಂದು ಅಧ್ಯಯನವಿದೆ. 2006ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಜಿಮ್‌ಗಳ ದಾಖಲೆ ನೋಡಿದರು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟಿದ ಸದಸ್ಯರು ಸರಾಸರಿ ಹೋದದ್ದು ನಾಲ್ಕು ಸಲಕ್ಕಿಂತ ಸ್ವಲ್ಪ ಹೆಚ್ಚು. ಹೋದ ಪ್ರತಿ ಸಲಕ್ಕೆ 17 ಡಾಲರ್ ಬಿದ್ದಂತಾಯಿತು. ಹತ್ತು ಸಲದ ಪಾಸ್ ಕೊಂಡಿದ್ದರೆ 10 ಡಾಲರ್ ಸಾಕಿತ್ತು. ಅಂದರೆ ಪಾಸ್ ಕೊಳ್ಳುವಾಗ ಬಹುಪಾಲು ಜನ ನಾಳೆಯ ತಮ್ಮ ಉತ್ಸಾಹವನ್ನು ಹೆಚ್ಚಾಗಿ ಅಂದಾಜು ಮಾಡುತ್ತಾರೆ. ಜನವರಿಯ ಮೊದಲ ವಾರ ಬೆಂಗಳೂರಿನ ಜಿಮ್‌ಗಳನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ.

ಕೊಳ್ಳಲಾಗದವರ ಗತಿ

ಪಾಸ್ ಬಗ್ಗೆ ಮಾತಾಡುವಾಗ ಹೆಚ್ಚು ಜನ ಮರೆಯುವುದು ಇದನ್ನು. ಪಾಸ್ ಲಾಭವೇ ಆದರೂ ಅದಕ್ಕೆ ಒಂದೇ ಸಲ ಹಣ ಬೇಕು. ವೈಟ್‌ಫೀಲ್ಡ್‌ಗೆ ಎರಡು ಬಸ್ ಬದಲಿಸಿ ಹೋಗುವ ಗಾರೆ ಕೆಲಸದವರಿಗೆ 1200ರ ಪಾಸ್ ಲಾಭ ಎಂದು ನಾವು ಕಾಗದದ ಮೇಲೆ ತೋರಿಸಬಹುದು. ದಿನಗೂಲಿಯವರ ಕೈಯಲ್ಲಿ ತಿಂಗಳ ಒಂದನೇ ತಾರೀಖಿಗೆ 1200 ರೂಪಾಯಿ ಇರುವುದಿಲ್ಲ. ತಿಂಗಳಿಗೆ ಎಷ್ಟು ದಿನ ಕೆಲಸ ಸಿಗುತ್ತದೆ ಎಂಬುದೂ ಗೊತ್ತಿರುವುದಿಲ್ಲ. ಹಾಗಾಗಿ ಅವರು ದಿನಕ್ಕೆ 80ರ ಪಾಸ್ ಕೊಂಡು 25 ದಿನಕ್ಕೆ 2000 ಕೊಡುತ್ತಾರೆ. ಕಡಿಮೆ ಸಂಪಾದನೆಯವರು 800 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಶಕ್ತಿ ಯೋಜನೆ ಮಹಿಳೆಯರಿಗೆ ತೆಗೆದದ್ದು ಈ ಮುಳ್ಳನ್ನು; ಗಂಡಸರಿಗೆ ಅದು ಹಾಗೇ ಇದೆ. ನಡುವೆ ಇರುವ ವಾರದ ಪಾಸ್ 350 ರೂಪಾಯಿ; ನಾಲ್ಕು ವಾರಕ್ಕೆ 1400. ತಿಂಗಳ ಪಾಸಿಗಿಂತ 200 ಹೆಚ್ಚಾದರೂ ದಿನದ ಪಾಸಿಗಿಂತ ಬಹಳ ವಾಸಿ. ಕೂಲಿ ವಾರಕ್ಕೊಮ್ಮೆ ಕೈಗೆ ಬರುವವರಿಗೆ ಇದೇ ಸರಿಯಾದ ಲೆಕ್ಕ ಎಂದು ನಮಗೆ ತೋರುತ್ತದೆ.

ಹಿಮದ ಬೆಟ್ಟಗಳಲ್ಲೂ ಇದೇ. ವರ್ಷಕ್ಕೆ ಒಂದೇ ದಿನ ಮಕ್ಕಳನ್ನು ಹಿಮ ತೋರಿಸಲು ಕರೆದೊಯ್ಯುವ ಕುಟುಂಬ, ಮೊದಲ ಸಲ ಕಲಿಯಲು ಬರುವವರು, ಇವರೇ 300 ಡಾಲರ್‌ನ ಕಿಟಕಿಯ ಮುಂದೆ ನಿಲ್ಲುವವರು. ವ್ಯತ್ಯಾಸ ಇಷ್ಟೆ: ಸ್ಕೀಯಿಂಗ್ ಬೇಡವೆಂದು ಮನೆಯಲ್ಲಿ ಕೂರಬಹುದು, ಕೆಲಸಕ್ಕೆ ಹೋಗದೆ ಕೂರಲಾಗದು.

ಒಂದೇ ಕಾರ್ಡ್, ಒಂದೇ ಪಾಸ್ ಅಲ್ಲ

ಕೊನೆಯದಾಗಿ ಒಂದು ಗೊಂದಲ. ಬಸ್ಸಿಗೂ ಮೆಟ್ರೋಗೂ ನಡೆಯಲೆಂದು ರೂಪಿಸಿದ ರಾಷ್ಟ್ರೀಯ ಸಾಮಾನ್ಯ ಮೊಬಿಲಿಟಿ ಕಾರ್ಡ್ ಇದ್ದರೆ ಎರಡಕ್ಕೂ ಒಂದೇ ಪಾಸ್ ಇದ್ದಂತೆ ಎಂದು ಹಲವರ ತಿಳುವಳಿಕೆ. ಅಲ್ಲ. ಕಾರ್ಡ್ ಒಂದು ಪರ್ಸ್ ಮಾತ್ರ. ಪ್ರತಿ ಸಲವೂ ಅದರಿಂದ ಹಣ ಕಳೆಯುತ್ತದೆ. ಪಾಸ್ ಎಂದರೆ ಬಸ್ ನಿಗಮವೂ ಮೆಟ್ರೋ ನಿಗಮವೂ ಒಂದೇ ಬೆಲೆಗೆ ಒಪ್ಪಿ ಬಂದ ಹಣವನ್ನು ಹಂಚಿಕೊಳ್ಳುವ ಕರಾರು. ಜರ್ಮನಿ 2023ರ ಮೇ ತಿಂಗಳಲ್ಲಿ ಅದನ್ನೇ ಮಾಡಿತು. ತಿಂಗಳಿಗೆ 49 ಯೂರೋ, ಇಡೀ ದೇಶದ ಸ್ಥಳೀಯ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲಕ್ಕೂ. ಖರ್ಚು ತೂಗಿಸಲಾಗದೆ 2025ಕ್ಕೆ ಅದು 58 ಯೂರೋ ಆಯಿತು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮ್ಮ ಮೆಟ್ರೋ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ 12.5 ಕಿಲೋಮೀಟರ್ ಮಾರ್ಗವಿದೆ, ಅದರಲ್ಲಿ ಸುಂಕದಕಟ್ಟೆಗೂ ಒಂದು ನಿಲ್ದಾಣ. ಆ ಮಾರ್ಗ ಬಂದಾಗ ಹೇರೋಹಳ್ಳಿಯ ಒಳಗಿನ ಬಡಾವಣೆಯಿಂದ ಬಸ್ಸಿನಲ್ಲಿ ಬಂದು ಮೆಟ್ರೋ ಹತ್ತುವವರು ಎರಡು ಸಲ ಹಣ ಕೊಡಬೇಕೋ ಒಂದು ಸಲವೋ ಎಂಬುದು ಹಳಿ ಹಾಕುವ ಎಂಜಿನಿಯರುಗಳ ಕೈಯಲ್ಲಿಲ್ಲ, ಎರಡು ನಿಗಮಗಳ ಕರಾರಿನಲ್ಲಿದೆ.