ಬೆನ್ನಚೀಲದ ಪ್ರವಾಸ, ಮೂರು ದಿನದ ದ್ವೀಪವಾಸ

ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಬಂದೊಡನೆ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಐದು ದಿನಗಳಲ್ಲಿ ಹತ್ತು ಊರುಗಳನ್ನು ನೋಡುವ ಪಟ್ಟಿ ಸಿದ್ಧವಾಗುತ್ತದೆ. ಆ ಓಟಕ್ಕೆ ಅಜ್ಜಿಯ ಕಾಲು ಒದಗದೆಂದು ಆಕೆಯನ್ನು ಮನೆ ಕಾಯಲು ಬಿಟ್ಟು ಉಳಿದವರು ಹೊರಡುತ್ತಾರೆ. ಬಯಲುಸೀಮೆಯ ಎಷ್ಟೋ ಹಿರಿಯ ತಾಯಂದಿರು ಹೀಗೆ ಜೀವಮಾನವಿಡೀ ಕಡಲನ್ನು ಕಾಣದೆ ಉಳಿದಿದ್ದಾರೆ.

ಬೆನ್ನಿಗೊಂದು ಚೀಲವೇರಿಸಿ ದೇಶ ಸುತ್ತುವ ಪದ್ಧತಿಯನ್ನು ಇಂದಿನ ಯುವಕರು ರೂಢಿಸಿಕೊಂಡಿದ್ದಾರೆ. ಇದು ಸಂಸಾರವಂದಿಗರಿಗೆ ಒಗ್ಗದೆಂಬುದು ಹಲವರ ಅಭಿಪ್ರಾಯ. ಆದರೆ ಹಗುರವಾದ ಚೀಲ ಹಾಗೂ ಒಂದೇ ಕಡೆಯ ವಾಸ, ಇವೆರಡೂ ಕೂಡಿದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಜೊತೆಯಾಗಿ ಹೋಗಿಬರಲು ಸಾಧ್ಯ. ಅಂಡಮಾನಿನ ಶಹೀದ್ ದ್ವೀಪವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು.

2018ರವರೆಗೆ ಇದರ ಹೆಸರು ನೀಲ್ ದ್ವೀಪ. 2024ರಲ್ಲಿ ಶ್ರೀ ವಿಜಯ ಪುರಂ ಎಂದು ಮರುನಾಮಕರಣಗೊಂಡ ಪೋರ್ಟ್ ಬ್ಲೇರ್ ನಗರದಿಂದ ಹಡಗಿನಲ್ಲಿ ಒಂದೆರಡು ಗಂಟೆಗಳ ಪಯಣ. ದೇಶವಿಭಜನೆಯ ತರುವಾಯ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ಇಲ್ಲಿ ನೆಲೆಸಿದವು. ಸೀತಾಪುರ, ಭರತಪುರ, ರಾಮನಗರ, ಲಕ್ಷ್ಮಣಪುರ ಎಂಬ ಊರುಗಳ ಹೆಸರನ್ನು ಕೇಳಿದೊಡನೆಯೇ ನಮ್ಮ ಹಿರಿಯರಿಗೆ ಪರಿಚಿತ ಸ್ಥಳಕ್ಕೆ ಬಂದಂತೆನಿಸೀತು. ಸೈಕಲ್ಲಿನಲ್ಲಿಯೇ ಸುತ್ತಿ ಮುಗಿಸಬಹುದಾದಷ್ಟು ಚಿಕ್ಕ ದ್ವೀಪವಾದುದರಿಂದ ಓಡಾಟದ ಆಯಾಸವಿಲ್ಲ. ಸಸ್ಯಾಹಾರಿಗಳಾದವರಿಗೆ ಊಟದ ಚಿಂತೆಯೂ ಬೇಡ. ತರಕಾರಿ, ಬಾಳೆ, ತೆಂಗು ಬೆಳೆಯುವ ಕೃಷಿಕರ ನೆಲವಿದು. ಆದರೂ ನಾಲ್ಕಾರು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಜೊತೆಗಿರಲಿ. ತೂಕವಿಲ್ಲ, ಕೆಡುವುದೂ ಇಲ್ಲ.

ಚೀಲದ ವಿಷಯದಲ್ಲಿ ಒಂದು ನಿಯಮವನ್ನು ಪಾಲಿಸುವುದು ಒಳಿತು. ಹಡಗುಕಟ್ಟೆಯಲ್ಲಿ ಹತ್ತಿಳಿಯುವಾಗ ಒಂದು ಕೈ ಮಗುವನ್ನು, ಇನ್ನೊಂದು ಕೈ ಹಿರಿಯರನ್ನು ಹಿಡಿಯಬೇಕು. ಆದ್ದರಿಂದ ಸಾಮಾನೆಲ್ಲ ಬೆನ್ನಿನ ಮೇಲೆಯೇ ಇರಬೇಕು. ತಲೆಗೆ ಮೂರು ಜೊತೆ ಹತ್ತಿಯ ಬಟ್ಟೆ ಸಾಕು. ಮಗು ತನ್ನ ಬಟ್ಟೆಯನ್ನು ತಾನೇ ಹೊರಲಿ; ಅಜ್ಜಿಯ ಬೆನ್ನಿಗೆ ಮಾತ್ರ ಏನೂ ಬೇಡ. ಔಷಧಿಗಳಲ್ಲಿ ಕಡಿತ ಸಲ್ಲದು. ದೊಡ್ಡ ಚಿಕಿತ್ಸೆಗೆ ನಗರಕ್ಕೇ ಮರಳಬೇಕಾಗುವುದರಿಂದ ಹಿರಿಯರು ಹೊರಡುವ ಮೊದಲು ವೈದ್ಯರ ಒಪ್ಪಿಗೆ ಪಡೆದು, ಮೂರು ದಿನದ ಮಾತ್ರೆಗಳನ್ನು ಹೆಚ್ಚಾಗಿಯೇ ಒಯ್ಯತಕ್ಕದ್ದು.

ಅಲ್ಲಿ ದಿನಚರಿಯನ್ನೂ ಬದಲಿಸಿಕೊಳ್ಳಬೇಕಾಗುತ್ತದೆ. ಭಾರತದ ಕಾಲಮಾನವನ್ನು ನಿರ್ಧರಿಸುವ ರೇಖಾಂಶಕ್ಕಿಂತ ಅಂಡಮಾನ್ ಸುಮಾರು 10 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಸೂರ್ಯನು 40 ನಿಮಿಷ ಮುಂಚಿತವಾಗಿ ನೆತ್ತಿಗೇರುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೆ ಕತ್ತಲಾವರಿಸತೊಡಗುತ್ತದೆ. ನಸುಕಿನಲ್ಲೇಳುವ ಅಜ್ಜಿ ಇಲ್ಲಿ ಎಲ್ಲರಿಗಿಂತ ಮುಂದಿರುತ್ತಾಳೆ. ತಡವಾಗಿ ಏಳುವ ಮಕ್ಕಳು ಆಕೆಯನ್ನು ಅನುಸರಿಸಬೇಕಾಗುತ್ತದೆ.

ದಿನಕ್ಕೆರಡು ಬಾರಿ ಕಡಲು ಉಕ್ಕುತ್ತದೆ, ಇಳಿಯುತ್ತದೆ. ಇಳಿತದ ವೇಳೆ ಲಕ್ಷ್ಮಣಪುರದ ಬಳಿ ಕಮಾನಿನಂಥ ಬಂಡೆಯವರೆಗೂ ನಡೆದುಹೋಗಬಹುದು. ನೀರು ತುಂಬಿ ನಿಂತ ಗುಳಿಗಳಲ್ಲಿ ಚಿಕ್ಕ ಮೀನುಗಳು ಕಾಣಸಿಗುತ್ತವೆ. ಪ್ರತಿದಿನ ಈ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಸ್ಥಳೀಯರನ್ನು ಕೇಳಿಕೊಂಡೇ ಹೊರಡಬೇಕು. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯಕೂಡದು.

ದಡದಲ್ಲಿ ಬಿದ್ದ ಹವಳದ ತುಂಡನ್ನು ಮಕ್ಕಳು ಎತ್ತಿಕೊಳ್ಳುವುದು ಸಹಜ. ಅದು ಕಲ್ಲಲ್ಲ, ಅಸಂಖ್ಯ ಪುಟ್ಟ ಜೀವಿಗಳು ಕಟ್ಟಿಕೊಂಡ ಮನೆ ಎಂದು ತಿಳಿಹೇಳಬೇಕು. ದುಂಡು ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದೇ ಹೆಚ್ಚು. 2010ರಲ್ಲಿ ಕಡಲು ಕಾದು ಅಂಡಮಾನಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಹವಳವನ್ನು ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ಮಳೆಯ ನೀರನ್ನೇ ನೆಚ್ಚಿದ ಈ ನೆಲದಲ್ಲಿ ಸ್ನಾನಕ್ಕೆ ಒಂದು ಬಕೆಟ್ಟು ಸಾಕೆಂಬ ಸಂಯಮವಿರಲಿ. ಖಾಲಿ ಪ್ಲಾಸ್ಟಿಕ್ಕು ನಮ್ಮ ಚೀಲದಲ್ಲಿಯೇ ಹಿಂದಿರುಗಲಿ.

ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಹಾಗಿದ್ದರೂ ಗಾಳಿ ಎದ್ದರೆ ಹಡಗು ನಿಲ್ಲುತ್ತದೆ. ಆದಕಾರಣ ವಿಮಾನದ ಹಿಂದಿನ ದಿನವೇ ನಗರ ಸೇರಿಕೊಳ್ಳುವಂತೆ ಯೋಜಿಸಬೇಕು.

ಮೂರು ದಿನಗಳಲ್ಲಿ ನೋಡಿದ ಸ್ಥಳಗಳ ಪಟ್ಟಿ ಚಿಕ್ಕದಾಗಿಯೇ ಉಳಿಯುತ್ತದೆ. ಆದರೆ ದಡದಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದಕ್ಕೆ ತಾಗಿದ ಮೊದಲ ಅಲೆಗೆ ನಗುವ ಅಜ್ಜಿಯ ಪಕ್ಕದಲ್ಲಿ ಮೊಮ್ಮಗುವೂ ನಿಂತಿರುತ್ತದೆ. ಈ ಸಲದ ರಜೆಗೆ ಟಿಕೆಟು ತೆಗೆಸುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: "ಅವ್ವಾ, ನೀವೂ ಬರ್ತೀರೇನು?"