ಆಕ್ಸೊಲಾಟ್ಲ್ ಮರಿಗಳ ಸಾಕಣೆ: ಜೀವದಯೆಯೋ, ಅನರ್ಥದಂಡವೋ?

ಮನೆಯಲ್ಲಿ ಯಾವ ಪ್ರಾಣಿಯನ್ನು ಸಾಕಿದರೂ ಅದು ಜೀವದಯೆಯೇ ಎಂಬ ಭಾವನೆ ಈಚೆಗೆ ಬಲವಾಗುತ್ತಿದೆ. ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನುಗಳಿದ್ದ ಜಾಗಕ್ಕೆ ಮೆಕ್ಸಿಕೊ ದೇಶದ ಆಕ್ಸೊಲಾಟ್ಲ್ ಬಂದು ಸೇರಿದೆ. ಇದು ಕಪ್ಪೆಯಂತೆಯೇ ಉಭಯವಾಸಿಗಳ ವರ್ಗಕ್ಕೆ ಸೇರಿದ ಸಾಲಮಾಂಡರ್. ಆದರೆ ಕತ್ತಿನ ಇಕ್ಕೆಲಗಳಲ್ಲಿ ಗರಿಯಂತೆ ಹರಡಿದ ಕಿವಿರುಗಳನ್ನು ಉಳಿಸಿಕೊಂಡು, ನೀರನ್ನು ಬಿಡದೆ, ಮರಿಯ ರೂಪದಲ್ಲಿಯೇ ಪ್ರಾಯಕ್ಕೆ ಬರುತ್ತದೆ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಕಾಣಿಸಿಕೊಂಡ ಮೇಲೆ ಇದರ ನಗುಮೊಗ ಲೋಕದ ಮಕ್ಕಳಿಗೆಲ್ಲ ಪರಿಚಿತವಾಯಿತು. ಮಕ್ಕಳ ಹಟಕ್ಕೆ ಹಿರಿಯರು ಮಣಿಯುವುದುಂಟು. ಜೋಡಿಯನ್ನು ತಂದರೆ ಅದು ಮೊಟ್ಟೆಯಿಡುವುದೂ ಉಂಟು. ಆ ಮೊಟ್ಟೆಗಳಿಂದ ಬಂದ ಮರಿಗಳನ್ನು ಬೆಳೆಸುವುದು ಪುಣ್ಯಕಾರ್ಯವೆಂಬ ಮಾತು ಹುಟ್ಟಿಕೊಂಡಾಗ ಮಾತ್ರ ವಿಷಯವನ್ನು ನಿಷ್ಠುರವಾಗಿ ಪರಿಶೀಲಿಸಬೇಕಾಗುತ್ತದೆ.

ಹೆಣ್ಣು ಒಮ್ಮೆಗೆ ನೂರರಿಂದ ಸಾವಿರದವರೆಗೆ ಮೊಟ್ಟೆಗಳನ್ನಿಡುತ್ತದೆ. ನೀರಿನ ಉಷ್ಣತೆಯನ್ನನುಸರಿಸಿ ಎರಡು ಮೂರು ವಾರಗಳಲ್ಲಿ ಅವು ಒಡೆಯುತ್ತವೆ. ಮರಿಯ ಉದ್ದ ಸುಮಾರು ಒಂದು ಸೆಂಟಿಮೀಟರ್. ಇನ್ನೂ ಕಾಲು ಮೂಡಿರುವುದಿಲ್ಲ. ಮೊದಲ ಎರಡು ಮೂರು ದಿನ ಒಡಲಲ್ಲಿ ಉಳಿದ ಮೊಟ್ಟೆಯ ಹಳದಿಯಿಂದಲೇ ಅದು ಬದುಕುತ್ತದೆ. ಅನಂತರ ಅದಕ್ಕೆ ಆಹಾರ ಬೇಕು, ಆ ಆಹಾರ ಜೀವಂತವಾಗಿ ಚಲಿಸುತ್ತಿರಬೇಕು. ಅಲುಗದ ವಸ್ತುವನ್ನು ಎಳೆಯ ಮರಿ ಆಹಾರವೆಂದು ಗುರುತಿಸುವುದಿಲ್ಲ. ಆದ್ದರಿಂದ ಸಾಕುವವರು ಡಾಫ್ನಿಯಾ ಎಂಬ ಸಣ್ಣ ಜಲಜೀವಿಗಳನ್ನೋ ಆರ್ಟೀಮಿಯ ಎಂಬ ಉಪ್ಪುನೀರಿನ ಸಿಗಡಿಯ ಮರಿಗಳನ್ನೋ ಉಣಿಸುತ್ತಾರೆ. ಆರ್ಟೀಮಿಯದ ಒಣಮೊಟ್ಟೆಗಳು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಮೊದಲಾದ ಉಪ್ಪಿನ ಸರೋವರಗಳಿಂದ ಡಬ್ಬಿಗಳಲ್ಲಿ ಬರುತ್ತವೆ. ಒಂದು ಗ್ರಾಂ ತೂಕದಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಮೊಟ್ಟೆಗಳಿರುತ್ತವೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಹಾಕಿ ಗಾಳಿಯಾಡಿಸಿದರೆ ಒಂದು ಹಗಲು ಒಂದು ರಾತ್ರಿಯೊಳಗೆ ಅವು ಜೀವ ತಳೆದು ಈಜಾಡತೊಡಗುತ್ತವೆ. ಪಾತ್ರೆಯ ಒಂದು ಬದಿಗೆ ದೀಪ ಹಿಡಿದರೆ ಎಲ್ಲವೂ ಬೆಳಕಿನತ್ತ ಗುಂಪುಗೂಡುತ್ತವೆ. ಅವನ್ನು ಹೀರಿ ತೆಗೆದು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಮರಿಗಳ ತೊಟ್ಟಿಗೆ ಸುರಿಯುತ್ತಾರೆ. ತಿನ್ನಲ್ಪಡದೆ ಉಳಿದವು ಸಿಹಿನೀರಿನಲ್ಲಿ ಕೆಲವು ಗಂಟೆಗಳಲ್ಲಿಯೇ ಸಾಯುತ್ತವೆ. ಅವು ಕೊಳೆತು ನೀರು ಕೆಡಬಾರದೆಂದು ದಿನವೂ ನೀರನ್ನು ಚೆಲ್ಲುತ್ತಾರೆ. ದಿನಕ್ಕೆ ಒಂದೆರಡು ಬಾರಿಯಂತೆ ವಾರಗಟ್ಟಲೆ ಇದೇ ಕ್ರಮ.

ದೀಪಕ್ಕೆ ಆಕರ್ಷಿತವಾಗಿ ಬಂದ ಸೂಕ್ಷ್ಮಜೀವ ಅನ್ನದಲ್ಲಿ ಬಿದ್ದೀತೆಂಬ ಭಯದಿಂದ ರಾತ್ರಿಭೋಜನವನ್ನೇ ತ್ಯಜಿಸಿದ ಮನೆತನಗಳಿವು. ಅದೇ ಮನೆಯಲ್ಲಿ ದೀಪವನ್ನು ತೋರಿ ಜೀವಗಳನ್ನು ಒಂದೆಡೆ ಸೇರಿಸಿ ಬಾಯಿಗೊಡ್ಡುವುದೆಂದರೇನು? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದು, ಬಟ್ಟೆಯ ಮೇಲುಳಿದ ಜೀವಗಳನ್ನು ಮರಳಿ ಅದೇ ಜಲಾಶಯಕ್ಕೆ ಬಿಡಬೇಕೆಂದು ಹಿರಿಯರು ಕಲಿಸಿದರು. ಇಲ್ಲಿ ಅದೇ ಬಟ್ಟೆ, ಅದೇ ಸೋಸುವಿಕೆ, ಆದರೆ ಬಟ್ಟೆಯ ಮೇಲುಳಿದುದಕ್ಕೆ ಮರಣವೇ ಗತಿ. ಬೆಳಕನ್ನು ಅರಿತು ಅದರತ್ತ ಈಜುವ ಜೀವಕ್ಕೆ ಚಕ್ಷುರಿಂದ್ರಿಯವಿಲ್ಲವೆಂದು ವಾದಿಸುವ ಧೈರ್ಯ ಯಾರಿಗಿದೆ?

ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯವಲ್ಲವೇ, ಇದೂ ಅದರಲ್ಲಿ ಒಂದು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನ ನಿಲ್ಲುವುದಿಲ್ಲ. ಅಡುಗೆ, ಕೃಷಿ, ಗೃಹನಿರ್ಮಾಣಗಳಲ್ಲಿ ಹಿಂಸೆ ಉದ್ದೇಶವಲ್ಲ. ಎಚ್ಚರದಿಂದ ನಡೆದಷ್ಟೂ ಅದು ಕಡಿಮೆಯಾಗುತ್ತದೆ. ಇಲ್ಲಿಯಾದರೋ ತ್ರಸಜೀವಗಳನ್ನು ತಿನಿಸುವುದಕ್ಕೆಂದೇ ಮೊಟ್ಟೆಯೊಡೆಸಿ ಹುಟ್ಟಿಸಲಾಗುತ್ತದೆ, ಎಚ್ಚರ ಹೆಚ್ಚಿದಷ್ಟೂ ಹೆಚ್ಚು ಜೀವಗಳು ಹುಟ್ಟಿ ಸಾಯುತ್ತವೆ. ಇದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನೂ ಅಲ್ಲ. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಸೇರಿಸಿದೆ. ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿಗಳನ್ನು ಪೋಷಿಸುವುದನ್ನು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಅಸತೀಪೋಷಣವೆಂದು ನಿಷೇಧಿಸಿದೆ. ನೂರಾರು ಮರಿಗಳನ್ನು ಬೆಳೆಸಿದವರು ಕೊನೆಗೆ ಅವುಗಳನ್ನು ಮಾರದೆ ಏನು ಮಾಡಿಯಾರು?

ಮರಿಗಳ ಗತಿಯಾದರೂ ಸುಖವೇ? ಇಕ್ಕಟ್ಟಿನಲ್ಲಿ ಅವು ಒಂದರ ಕಾಲು, ಕಿವಿರುಗಳನ್ನು ಇನ್ನೊಂದು ಕಚ್ಚಿ ತಿನ್ನುತ್ತವೆ. ದೊಡ್ಡದು ಚಿಕ್ಕದನ್ನು ನುಂಗುವುದೂ ಉಂಟು. ಕಡಿದ ಅಂಗ ಮತ್ತೆ ಬೆಳೆಯುತ್ತದೆ ಎಂಬುದನ್ನು ಸಾಕುವವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂಗ ಮತ್ತೆ ಬೆಳೆಯುವುದರಿಂದ ಕಡಿತದ ವೇದನೆ ಇಲ್ಲವಾಗುವುದೆ? ಬಂಧ, ಛೇದಗಳನ್ನು ಅಹಿಂಸಾಣುವ್ರತದ ಅತಿಚಾರಗಳೆಂದು ಪಾಠಶಾಲೆಯ ಮಗುವೂ ಒಪ್ಪಿಸುತ್ತದೆ.

ಪ್ರತಿಪಕ್ಷದ ಬಲವಾದ ವಾದವೊಂದಿದೆ: ಈ ಪ್ರಾಣಿ ಅಳಿವಿನ ಅಂಚಿನಲ್ಲಿರುವುದರಿಂದ ಮನೆಮನೆಯಲ್ಲಿ ಬೆಳೆಸಿದರೆ ಕುಲ ಉಳಿಯುತ್ತದೆ ಎಂಬುದು. ಅಳಿವಿನ ಮಾತು ಸತ್ಯ. ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೋಚಿಮಿಲ್ಕೊ ಕಾಲುವೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟ್ಲ್‌ಗಳಿದ್ದುವು. 2014ರ ಗಣತಿಯಲ್ಲಿ ಉಳಿದಿದ್ದುವು 36. ಕಾರಣ ನಗರದ ಕೊಳಕು ನೀರು ಮತ್ತು ಹೊರಗಿನಿಂದ ತಂದು ಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳು. ಸಾಕಣೆಗಾರರ ಕೊರತೆಯಿಂದ ಅವು ಅಳಿಯಲಿಲ್ಲ. ಗಾಜಿನ ತೊಟ್ಟಿಯ ಸಂತತಿಯಲ್ಲಿ ಬಹುಪಾಲು 1864ರಲ್ಲಿ ಪ್ಯಾರಿಸ್ಸಿಗೆ ಒಯ್ದ ಕೆಲವೇ ಪ್ರಾಣಿಗಳ ಪೀಳಿಗೆ. ಹೊನ್ನಿನ ಬಣ್ಣದ ತಳಿಗೆ ಮೂಲವಾದುದು 1962ರಲ್ಲಿ ಹುಲಿ ಸಾಲಮಾಂಡರಿನೊಡನೆ ನಡೆಸಿದ ಸಂಕರ. ಸಾಕಿದ 18 ಪ್ರಾಣಿಗಳನ್ನು ಜಲಾಶಯಗಳಿಗೆ ಬಿಟ್ಟಾಗ ಅವು ಬದುಕಬಲ್ಲವೆಂದು ತಿಳಿದುಬಂದುದನ್ನು 2025ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು ನಿಜ. ಅದು ತಜ್ಞರು ತಮ್ಮ ದೇಶದ ನೀರಿನಲ್ಲಿ, ನಿಗಾ ಇಟ್ಟು ಮಾಡಿದ ಕಾರ್ಯ. ಸಾವಿರಾರು ಮೈಲಿ ದೂರದ ನಡುಮನೆಯ ತೊಟ್ಟಿಯಿಂದ ಒಂದು ಮರಿಯೂ ಸೋಚಿಮಿಲ್ಕೊ ಸೇರುವುದಿಲ್ಲ.

ಈಗಾಗಲೇ ಮನೆಯಲ್ಲಿ ಈ ಪ್ರಾಣಿಯಿದ್ದರೆ ಕರ್ತವ್ಯವೇನು? ಗಂಡು ಹೆಣ್ಣುಗಳನ್ನು ಇಂದೇ ಬೇರೆ ಬೇರೆ ತೊಟ್ಟಿಗಳಲ್ಲಿಡುವುದು. ಮೊಟ್ಟೆಯಿಟ್ಟ ಮೇಲೆ ಅಹಿಂಸೆಯ ಮಾರ್ಗವೇ ಉಳಿದಿರುವುದಿಲ್ಲ. ಮೊಟ್ಟೆಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ನಾಶಮಾಡಿರೆಂದು ಸಾಕಣೆಯ ಕೈಪಿಡಿಗಳೇ ಹೇಳುತ್ತವೆ, ಬೆಳೆಸಹೊರಟರೆ ಮೇಲೆ ಹೇಳಿದ ಲಕ್ಷಗಳ ಲೆಕ್ಕ. ಇರುವುದನ್ನು ಉಪವಾಸ ಕೆಡಹುವಂತಿಲ್ಲ, ಅನ್ನಪಾನನಿರೋಧವೂ ಅತಿಚಾರವೇ. ಬೆಳೆದ ಪ್ರಾಣಿ ಒಣ ಗುಳಿಗೆಯನ್ನು ತಿನ್ನಲು ಕಲಿಯುತ್ತದೆ. ಆ ಗುಳಿಗೆಯಲ್ಲಿಯೂ ಸಾಮಾನ್ಯವಾಗಿ ಮೀನಿನ ಪುಡಿಯಿರುತ್ತದೆ. ಅದರ ಆಯುಷ್ಯ ಹತ್ತು ಹದಿನೈದು ವರ್ಷ. ಒಂದು ದಿನದ ಮೋಹಕ್ಕೆ ಇಷ್ಟು ದೀರ್ಘವಾದ ಬಂಧವೆಂಬುದನ್ನು ಕೊಳ್ಳುವ ಮುನ್ನವೇ ಎಣಿಸಬೇಕಾಗಿತ್ತು. ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಂಪಾಗಿರಬೇಕಾದ ಈ ಜೀವವನ್ನು ನಮ್ಮ ಬೇಸಿಗೆಯಲ್ಲಿ ಯಂತ್ರವಿಲ್ಲದೆ ಉಳಿಸುವುದು ದುಸ್ಸಾಧ್ಯ. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇದನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಹುಟ್ಟಿದ ಮರಿಗಳ ಲೆಕ್ಕವನ್ನೂ ಒಪ್ಪಿಸಬೇಕು.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ಬೇಡವಾದ ಆಕ್ಸೊಲಾಟ್ಲ್‌ಗಳನ್ನು ಅಭಯದಾನದ ಹೆಸರಿನಲ್ಲಿ ಕಲ್ಯಾಣಿಗೆ ತಂದು ಬಿಡಲು ಅವಕಾಶ ಕೊಡಬಾರದು. ಅವು ಬಿಸಿಲಿಗೆ ಸಾಯುತ್ತವೆ, ಇಲ್ಲವೇ ಕಲ್ಯಾಣಿಯ ಗೊದಮೊಟ್ಟೆ, ಮೀನುಮರಿಗಳನ್ನು ತಿನ್ನುತ್ತವೆ. ಯಾತ್ರಿನಿವಾಸಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಅಲಂಕಾರಕ್ಕೆಂದು ಇಂಥ ತೊಟ್ಟಿಗಳನ್ನಿಡಲು ದಾನಿಗಳು ಮುಂದೆ ಬಂದರೆ ವಿನಯದಿಂದ ನಿರಾಕರಿಸಬೇಕು. ಆ ಪ್ರಾಣಿಯ ಮೇಲೆ ನಿಜವಾದ ಅನುಕಂಪವಿರುವ ಮಕ್ಕಳಿಗೆ ಬೇರೊಂದು ದಾರಿಯಿದೆ: ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾನಿಲಯವು ಪ್ರಾಣಿಯನ್ನು ಅದರ ಕಾಲುವೆಯಲ್ಲಿಯೇ ಬಿಟ್ಟು ಹೆಸರಿಗೆ ಮಾತ್ರ ದತ್ತು ಕೊಡುವ ಯೋಜನೆಯನ್ನು ನಡೆಸಿದೆ. ಆ ಹಣದಿಂದ ಸೋಚಿಮಿಲ್ಕೊದ ರೈತರೊಡನೆ ಕೂಡಿ, ಚಿನಾಂಪ ಎಂಬ ನಡುಗಡ್ಡೆ ಹೊಲಗಳ ಸುತ್ತಲಿನ ಕಾಲುವೆಗಳನ್ನು ಶುದ್ಧಗೊಳಿಸಿ, ಕಾರ್ಪ್ ಮೀನುಗಳು ಒಳನುಗ್ಗದಂತೆ ತಡೆಗಳನ್ನು ಕಟ್ಟುತ್ತಾರೆ.