ಉಲ್ಕೆಗೆ ನಲವತ್ತು ನಿಮಿಷ, ಸೀರೆಗೆ ಒಂದೂವರೆ ಗಂಟೆ

ಟೂರ್ ಬಸ್ಸಲ್ಲಿ ಹೋಗೋರನ್ನ ಗೇಲಿ ಮಾಡೋದು ನಮ್ಮ ತಲೆಮಾರಿನ ಹೊಸ ಮಡಿವಂತಿಕೆ. ನಾವು ಬುಲೆಟ್ ಏರಿ ಹೋದರೆ ಅದು ಪ್ರಯಾಣ, ಅವರು ಪುಳಿಯೋಗರೆ ಕಟ್ಟಿಕೊಂಡು ಪುಶ್‌ಬ್ಯಾಕ್ ಸೀಟಲ್ಲಿ ಹೋದರೆ ಅದು ಬರೀ ಟೂರು. ಆದರೆ ಮಂಡಿನೋವಿರುವ ನಮ್ಮವ್ವನಂಥವರಿಗೆ ದೇಶ ನೋಡಲು ಇರುವ ದಾರಿ ಈ ಬಸ್ಸೇ. ಭಾಷೆಯ ಚಿಂತೆಯಿಲ್ಲ, ಊಟದ ಚಿಂತೆಯಿಲ್ಲ, ಜೊತೆಗೆ ನಮ್ಮ ಕಡೆ ಜನ. ಹಾಗಾಗಿ ನನ್ನ ಜಗಳ ಬಸ್ಸಿನ ಜೊತೆಗಲ್ಲ. ಬಸ್ಸಿನ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯ ಜೊತೆಗೆ.

ಕಳೆದ ವರ್ಷ ಅವ್ವನ ಜೊತೆ ಹೋದ ಶಿರಡಿ, ಎಲ್ಲೋರಾ, ಅಜಂತಾ ಪ್ಯಾಕೇಜಿನಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರವೂ ಇತ್ತು. ಪಟ್ಟಿಯ ಪ್ರಕಾರ ಲೋಣಾರ್‌ಗೆ 40 ನಿಮಿಷ. ಅದೇ ಪ್ರವಾಸದಲ್ಲಿ ಪೈಠಣಿ ಸೀರೆ ಅಂಗಡಿಗೆ ಒಂದೂವರೆ ಗಂಟೆ!

40 ನಿಮಿಷದಲ್ಲಿ ಏನು ನೋಡಬೇಕಿತ್ತು ಅಂತ ಕೇಳಿ. ಸುಮಾರು 1.8 ಕಿಲೋಮೀಟರ್ ಅಗಲದ ಬಟ್ಟಲು. ಅಂಚಿನಿಂದ ತಳಕ್ಕೆ ಹೆಚ್ಚುಕಡಿಮೆ 140 ಮೀಟರ್ ಆಳ. ದಖನ್ನಿನ ಕಪ್ಪು ಬಸಾಲ್ಟ್ ಬಂಡೆಗೆ ಆಕಾಶದ ಕಲ್ಲು ಗುದ್ದಿ ಆದ ಗುಂಡಿ. ಬಸಾಲ್ಟ್ ಮೇಲೆ ಇಂಥ ಕುಳಿ ಇಷ್ಟು ಚೆನ್ನಾಗಿ ಉಳಿದಿರೋದು ಭೂಮಿಯ ಮೇಲೆ ಬಲು ಅಪರೂಪ. ಚಂದ್ರನ ಮೇಲೆ, ಮಂಗಳನ ಮೇಲೆ ಬಸಾಲ್ಟ್ ಇರೋದರಿಂದ ಅಲ್ಲಿನ ಕುಳಿಗಳನ್ನು ಅರಿಯಲು ವಿಜ್ಞಾನಿಗಳು ಇಲ್ಲಿಗೆ ಬರುತ್ತಾರೆ. ಬಹಳ ಕಾಲ ಇದನ್ನು ಜ್ವಾಲಾಮುಖಿಯ ಬಾಯಿ ಅಂತಲೇ ನಂಬಿದ್ದರು. ಗುದ್ದಿನ ಒತ್ತಡಕ್ಕೆ ಗಾಜಾದ ಖನಿಜ ಇಲ್ಲಿನ ಕಲ್ಲುಗಳಲ್ಲಿದೆ ಎಂಬ ಪುರಾವೆ ಸಮೇತ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬಂತು. ವಯಸ್ಸಿನ ಜಗಳ ಇನ್ನೂ ಮುಗಿದಿಲ್ಲ. ಒಂದು ಲೆಕ್ಕ ಸುಮಾರು 50 ಸಾವಿರ ವರ್ಷ ಅನ್ನುತ್ತೆ, 2011ರ ಇನ್ನೊಂದು ಲೆಕ್ಕ ಐದೂಮುಕ್ಕಾಲು ಲಕ್ಷದ ಹತ್ತಿರ ಅನ್ನುತ್ತೆ.

ಇದರಲ್ಲಿ ಬಸ್ಸಿನ ಮೈಕಿನಲ್ಲಿ ಬಂದಿದ್ದೆಷ್ಟು? "ಇಲ್ಲಿ ಆಕಾಶದಿಂದ ಕಲ್ಲು ಬಿದ್ದಿತ್ತು, ಫೋಟೋ ತಗೊಳ್ಳಿ, ಟಾಯ್ಲೆಟ್ ಎಡಗಡೆ." ಅಷ್ಟೇ.

"ಜನಕ್ಕೆ ಅಷ್ಟೆಲ್ಲ ಬೇಡ ಸಾರ್" ಅನ್ನೋದು ಟೂರಿನವರ ಸಿದ್ಧ ಉತ್ತರ. ಶುದ್ಧ ಸುಳ್ಳು. ಆವತ್ತು "ಇಷ್ಟಕ್ಕಾ ಇಷ್ಟು ದೂರ ಬಂದಿದ್ದು?" ಅಂದವನು ನನ್ನ ವಯಸ್ಸಿನ, ನನ್ನದೇ ಕೆಲಸದ ಹುಡುಗ. ನೀರು ಯಾಕೆ ಉಪ್ಪು, ಒಳಗೆ ಬಂದ ನೀರು ಹೊರಗೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದವರು ಊರುಗೋಲು ಹಿಡಿದಿದ್ದ ಹಿರಿಯರು. ಉತ್ತರ ಹೇಳೋರು ಇರಲಿಲ್ಲ. ನಮ್ಮವ್ವ ತಾನೇ ಲೆಕ್ಕ ಹಾಕಿದಳು: "ಗಂಗಾವತಿ ಕಡೆ ನೀರು ಬಸಿದು ಹೋಗದ ಗದ್ದಿ ಸವಳಾಗತೈತಲ್ಲ, ಹಂಗೇನು?" ಹೌದು, ಹಂಗೇ! ಸರೋವರಕ್ಕೆ ಹೊರದಾರಿಯಿಲ್ಲ. ನೀರು ಆವಿಯಾಗುತ್ತೆ, ಲವಣ ಉಳಿಯುತ್ತೆ. ಕಾಲೇಜು ಮೆಟ್ಟಿಲು ಹತ್ತದ ಹೆಂಗಸಿಗೆ ಹೊಳೆದಿದ್ದನ್ನು ವಿವರಿಸೋಕೆ ಟೂರಿನವರ ಹತ್ತಿರ ಒಬ್ಬ ಮನುಷ್ಯ ಇರಲಿಲ್ಲ ಅನ್ನೋದು ನನ್ನ ತಕರಾರು.

ಈ ಆಟವನ್ನು ಕಿಟಕಿಯ ಆಚೆ ಬದಿಯಿಂದಲೂ ನೋಡಿದೋನು ನಾನು. ನಮ್ಮೂರು ಕೊಪ್ಪಳ ಜಿಲ್ಲೆಯ ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಇಲ್ಲಿದೆ. ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಟೂರ್ ಬಸ್ಸು ಬಂದರೆ ಚಕ್ರವರ್ತಿಗೂ ಇಪ್ಪತ್ತೇ ನಿಮಿಷ. ಸಿಳ್ಳೆ ಹೊಡೀತಾರೆ, ಎಲ್ಲರೂ ಓಡಿ ಹತ್ತುತ್ತಾರೆ. ಊರಿನ ಚಾ ಅಂಗಡಿಯವನಿಗೆ ಉಳಿಯೋದು ಬಸ್ಸಿನ ಧೂಳು. ಎರಡು ತಾಸು ನಿಂತರೆ ಅವನ ಚಾ ಖರ್ಚಾಗುತ್ತೆ, ಓದಿ ಮನೆಯಲ್ಲಿ ಕೂತ ಊರ ಹುಡುಗನಿಗೆ ಗೈಡ್ ಕೆಲಸ ಸಿಗುತ್ತೆ.

ದುಡ್ಡು ಎಲ್ಲಿಂದ ಅಂತೀರಾ? ಸ್ಥಳೀಯ ಗೈಡ್‌ಗೆ ಸಾವಿರ ರೂಪಾಯಿ ಕೊಟ್ಟರೂ ನಲವತ್ತು ಸೀಟಿಗೆ ಹಂಚಿದರೆ ತಲಾ 25 ರೂಪಾಯಿ. ಸಮಯ ಎಲ್ಲಿಂದ ಅಂತೀರಾ? ಸೀರೆ ಅಂಗಡಿಯಿಂದ.

ಇದು ಬರೀ ಮಾಹಿತಿಯ ಪ್ರಶ್ನೆ ಅಲ್ಲ. 2020ರ ಜೂನ್‌ನಲ್ಲಿ ಲೋಣಾರ್ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ವಾಟ್ಸಾಪ್‌ನಲ್ಲಿ ಪ್ರಳಯದಿಂದ ಹಿಡಿದು ಪವಾಡದ ತನಕ ಎಲ್ಲವೂ ಓಡಾಡಿತು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಪರೀಕ್ಷಿಸಿ, ಉಪ್ಪುನೀರಲ್ಲಿ ಬದುಕುವ ಸೂಕ್ಷ್ಮಜೀವಿಗಳ ಬಣ್ಣ ಅದು ಅಂತ ಹೇಳಿತು. ನೀರು ತಗ್ಗಿ ಉಪ್ಪು ಗಟ್ಟಿಯಾದಾಗ ಅವು ಹೆಚ್ಚುತ್ತವೆ. ಅದೇ ವರ್ಷ ಲೋಣಾರ್ ರಾಮ್‌ಸಾರ್ ತಾಣವೂ ಆಯಿತು. ಆದರೂ ಸರೋವರ ಉಳಿಸಿ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಬಾಗಿಲು ತಟ್ಟಬೇಕಾಯಿತು. ಒಂದು ಜಾಗ ಉಳಿಯಬೇಕಾದರೆ ಅದು ಏನು ಅಂತ ಗೊತ್ತಿರೋರ ಸಂಖ್ಯೆ ಬೆಳೆಯಬೇಕು. ವರ್ಷಪೂರ್ತಿ ಬಸ್ಸುಗಟ್ಟಲೆ ಜನ ಬರೋ ಜಾಗದಲ್ಲಿ ಆ ಸಂಖ್ಯೆ ಬೆಳೆಯದೆ ಇದ್ದರೆ ತಪ್ಪು ಬಂದವರದಲ್ಲ, ಕರೆತಂದವರದು.

ಮತ್ತೆ, ಟಿಕೆಟ್ ತೆಗೆಸಿಕೊಟ್ಟ ನಮ್ಮದು ಕೂಡ. ಅಪ್ಪ-ಅಮ್ಮನ ಟೂರಿಗೆ ಆನ್‌ಲೈನಲ್ಲಿ ದುಡ್ಡು ಕಟ್ಟೋರು ನಾವೇ ತಾನೇ? ಎಸಿ ಇದೆಯಾ, ಊಟ ವೆಜ್ಜಾ ಅಂತ ಕೇಳ್ತೀವಿ. ಇನ್ನೆರಡು ಪ್ರಶ್ನೆ ಸೇರಿಸಿ: ಪ್ರತಿ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀರಿ? ಅಲ್ಲಿ ವಿವರಿಸೋರು ಯಾರು? ಉತ್ತರ ಸರಿಯಿಲ್ಲದಿದ್ದರೆ ಬೇರೆ ಬಸ್ಸು ಹುಡುಕಿ. ಪ್ರತಿ ಟ್ರಿಪ್ಪಿಗೂ ಹತ್ತು ಜನ ಹೀಗೆ ಕೇಳತೊಡಗಿದರೆ ಆ ವೇಳಾಪಟ್ಟಿ ತಾನಾಗೇ ಬದಲಾಗುತ್ತೆ, ನೋಡ್ತಿರಿ.